ನಾಲ್ಕೇ ಬಣ್ಣದ ಹಳ್ಳಿ ಚಿತ್ರ: ಜನ ಯಾಕೆ ನೆಲದ ಮೇಲೆ ನಿಲ್ಲುವುದಿಲ್ಲ?

ಎರಡು ವರ್ಷದ ಹಿಂದೆ ಅಂಕೋಲೆಯ ಪೇಟೆ ಬದಿಯ ಒಂದು ಚಿತ್ರ ಬರೆದೆ. ಹರಿವೆ ಸೊಪ್ಪು, ಬಸಳೆ, ಮೊಗೆಕಾಯಿ ಹರಡಿಕೊಂಡು ಕೂತ ಹಾಲಕ್ಕಿ ಸಮುದಾಯದ ನಾಲ್ವರು ಹೆಂಗಸರು. ಹಿಂದೆ ಹಂಚಿನ ಮಾಡು, ಒಂದು ಪಕ್ಕ ಚಿರೆಕಲ್ಲಿನ ಗೋಡೆ, ದೂರದಲ್ಲಿ ಎರಡು ತೆಂಗಿನಮರ. ವಾಟರ್ ಕಲರ್. ಬಳಸಿದ್ದು ನಾಲ್ಕೇ ಟ್ಯೂಬು: ಅಲ್ಟ್ರಾಮರೀನ್ ಬ್ಲೂ (ಗಾಢ ನೀಲಿ), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು), ಲೈಟ್ ರೆಡ್ (ಮಣ್ಣಿನ ಕೆಂಪು). ಬಿಳಿ ಬೇಕಾದ ಕಡೆ ಪೇಪರನ್ನೇ ಖಾಲಿ ಬಿಟ್ಟಿದ್ದೆ.

ಚಿತ್ರದಲ್ಲಿದ್ದ ಅಜ್ಜಿಗೇ ತೆಗೆದುಕೊಂಡು ಹೋಗಿ ತೋರಿಸಿದೆ. ಅವರು ಕೈಯಲ್ಲಿದ್ದ ಸೊಪ್ಪಿನ ಕಟ್ಟು ಕೆಳಗಿಟ್ಟು, ಚಿತ್ರವನ್ನು ದೂರ ಹಿಡಿದು ನೋಡಿದರು.

"ಚೆಂದ ಆಗಿದೆ ತಮ್ಮಾ. ಆದ್ರೆ ನಮ್ಮನ್ನೆಲ್ಲ ಯಾಕೆ ಗೋಡೆಗೆ ಅಂಟಿಸಿದ ಹಾಂಗೆ ಮಾಡಿದೆ?"

ಅವರು ಹೇಳಿದ್ದು ಸರಿ ಇತ್ತು. ಮನೆಗೆ ಬಂದು ಸರಿಮಾಡಲು ಕೂತೆ. ಸೀರೆಗೆ ಕೆಂಪು ಜಾಸ್ತಿ ಹಾಕಿದೆ. ಗೋಡೆಗೆ ನೀಲಿ ತೊಡೆದೆ. ಕೊನೆಗೆ ಐದನೇ ಟ್ಯೂಬು ತಂದೆ. ಎರಡು ವಾರ ಹೋಯಿತು, ಹೆಂಗಸರು ಗೋಡೆ ಬಿಟ್ಟು ಈಚೆ ಬರಲಿಲ್ಲ. ಯಾಕೆಂದರೆ ದೋಷ ಬಣ್ಣದಲ್ಲಿ ಇರಲೇ ಇಲ್ಲ.

ಆಮೇಲೆ ನಾನು ಒಂದು ಕ್ರಮ ಇಟ್ಟುಕೊಂಡೆ. ಚಿತ್ರ ಕೆಟ್ಟಿದೆ ಅನ್ನಿಸಿದಾಗ ಮೊದಲು ಬೆಳಕು–ನೆರಳು ನೋಡುತ್ತೇನೆ. ಆಮೇಲೆ ಅಂಚು, ಆಮೇಲೆ ಆಳುಗಳ ಎತ್ತರ. ಬಣ್ಣದ ಮೇಲೆ ಅನುಮಾನ ಪಡುವುದು ಎಲ್ಲ ಮುಗಿದ ಮೇಲೆ. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತೇನೆ. ಎರಡು ಒಟ್ಟಿಗೆ ಬದಲಿಸಿದರೆ ಚಿತ್ರ ಸುಧಾರಿಸಿದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ, ಮುಂದಿನ ಚಿತ್ರದಲ್ಲಿ ಅದೇ ತಪ್ಪು ಮತ್ತೆ ಬರುತ್ತದೆ.

ಈ ಕ್ರಮಕ್ಕೆ ಕಾರಣ ಇದೆ. ಹದಿನೆಂಟು ಟ್ಯೂಬು ಇದ್ದಾಗ ನೇರಳೆ ಸೀರೆಯೂ ಹಳದಿ ಗೋಡೆಯೂ ಒಂದೇ ಗಾಢತೆಯಲ್ಲಿದ್ದರೂ ಬೇರೆಬೇರೆ ಕಾಣುತ್ತವೆ. ಬಣ್ಣದ ವ್ಯತ್ಯಾಸವೇ ಅವೆರಡನ್ನೂ ಬಿಡಿಸಿ ತೋರಿಸುತ್ತದೆ. ನಾಲ್ಕೇ ಬಣ್ಣ ಇದ್ದಾಗ ಹಾಗಲ್ಲ. ಸೀರೆಯ ಕೆಂಪು, ಗೋಡೆಯ ಕೆಂಪು, ಮೈಯ ಕಂದು, ಬುಟ್ಟಿಯ ಕಂದು ಎಲ್ಲ ದಾಯಾದಿಗಳೇ. ಅವುಗಳನ್ನು ಬೇರೆ ಮಾಡಲು ನಿಮ್ಮ ಕೈಯಲ್ಲಿ ಉಳಿಯುವುದು ಗಾಢ ಮತ್ತು ತಿಳಿ ಮಾತ್ರ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರ ನೋಡಿದ್ದೀರಲ್ಲ? ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ, ಅದನ್ನು ಕೆರೆದರೆ ಅಡಿಯ ಬಿಳಿ. ಇರುವುದು ಎರಡೇ. ಆದರೂ ಆಚೆ ತುದಿಯಲ್ಲಿ ನಿಂತು ನೋಡಿದರೂ ಆಕೃತಿ ಯಾವುದು, ಹಿನ್ನೆಲೆ ಯಾವುದು ಅಂತ ಕಣ್ಣಿಗೆ ಗೊಂದಲವಾಗುವುದಿಲ್ಲ.

ಮೊದಲ ತಪಾಸಣೆ: ಬಣ್ಣ ತೆಗೆದು ನೋಡಿ

ಚಿತ್ರದ ಒಂದು ಫೋಟೋ ತೆಗೆಯಿರಿ. ಮೊಬೈಲಿನಲ್ಲೇ ಅದನ್ನು ಕಪ್ಪು–ಬಿಳುಪು ಮಾಡಿ. ಐದು ಸೆಕೆಂಡಿನ ಕೆಲಸ. ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಜನ ಎಲ್ಲಿದ್ದಾರೆ ಅಂತ ಗೊತ್ತಾಗುತ್ತಿದೆಯೇ?

ನನ್ನ ಅಂಕೋಲೆ ಚಿತ್ರದಲ್ಲಿ ಗೊತ್ತಾಗುತ್ತಿರಲಿಲ್ಲ. ಮುಖ, ಸೀರೆ, ಗೋಡೆ, ಮಾಡಿನ ಕೆಳಗಿನ ನೆರಳು ಎಲ್ಲ ಒಂದೇ ಬೂದಿ. ಬಣ್ಣದಲ್ಲಿ ನೋಡುವಾಗ ಕೆಂಪು ಸೀರೆ ಎದ್ದು ಕಾಣುತ್ತಿದೆ ಅಂತ ನಾನೇ ಅಂದುಕೊಂಡಿದ್ದೆ. ಅಲ್ಲಿಗೇ ಹೋಗಿ ತೆಗೆದ ಫೋಟೋವನ್ನೂ ಕಪ್ಪು–ಬಿಳುಪು ಮಾಡಿ ಪಕ್ಕದಲ್ಲಿ ಇಟ್ಟೆ. ಅದರಲ್ಲಿ ಕಥೆ ಬೇರೆ. ಹೆಂಗಸರು ಕೂತದ್ದು ಮಾಡಿನ ನೆರಳಲ್ಲಿ. ಹಿಂದಿನ ರಸ್ತೆ ಬಿಸಿಲಲ್ಲಿ ಬೆಳ್ಳಗೆ ಉರಿಯುತ್ತಿತ್ತು. ಆ ಬೆಳ್ಳಗಿನ ರಸ್ತೆಯ ಎದುರು ಅವರ ತಲೆ, ಭುಜ ಗಾಢವಾಗಿ ಕಡಿದು ನಿಂತಿದ್ದವು. ನಾನು ರಸ್ತೆಗೂ ಒಂದು ವಾಶ್ (ನೀರು ಬೆರೆಸಿದ ತೆಳು ಬಣ್ಣದ ಪದರ) ಎಳೆದು, ಇದ್ದ ಬೆಳಕನ್ನು ಮುಚ್ಚಿಬಿಟ್ಟಿದ್ದೆ.

ಮೊಬೈಲ್ ಇಲ್ಲದೆಯೂ ಇದನ್ನು ನೋಡಬಹುದು. ಒಂದು ಪೋಸ್ಟ್‌ಕಾರ್ಡಿನಷ್ಟು ಪೇಪರ್ ತೆಗೆದುಕೊಳ್ಳಿ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಸೇರಿಸಿದರೆ ಒಳ್ಳೆಯ ಬೂದಿ ಬರುತ್ತದೆ. ಅದರಲ್ಲಿ ಐದು ಚೌಕ ತುಂಬಿ. ಮೊದಲನೆಯದು ಬರೀ ಪೇಪರ್, ಐದನೆಯದು ನಿಮ್ಮ ಪ್ಯಾಲೆಟ್ಟಿಗೆ ಸಾಧ್ಯವಿರುವ ಅತಿ ಗಾಢ, ನಡುವೆ ಮೂರು ಮೆಟ್ಟಿಲು. ಒಣಗಿದ ಮೇಲೆ ಪ್ರತಿ ಚೌಕದ ನಡುವೆ ಪಂಚಿಂಗ್ ಮಶೀನಿನಿಂದ ಒಂದು ತೂತು ಹೊಡೆಯಿರಿ. ಈ ಕಾರ್ಡನ್ನು ಚಿತ್ರದ ಮೇಲಿಟ್ಟು ತೂತಿನೊಳಗಿಂದ ನೋಡಿದರೆ ಆ ಜಾಗ ಎಷ್ಟನೇ ಮೆಟ್ಟಿಲಿನದ್ದು ಅಂತ ಹೇಳಬಹುದು. ಚೌಕಕ್ಕೂ ತೂತಿನೊಳಗಿನ ಬಣ್ಣಕ್ಕೂ ನಡುವಿನ ಗೆರೆ ಕರಗಿತೆಂದರೆ ಅದೇ ಮೆಟ್ಟಿಲು. ಕಣ್ಣು ಅರ್ಧ ಮುಚ್ಚಿ ನೋಡಿ, ಇನ್ನೂ ಸುಲಭ.

ಹೆಚ್ಚಿನ ಚಿತ್ರಗಳಲ್ಲಿ ಸಿಗುವ ರೋಗ ಒಂದೇ: ಎಲ್ಲವೂ ಎರಡು, ಮೂರನೇ ಮೆಟ್ಟಿಲಲ್ಲೇ ಕೂತಿರುತ್ತದೆ. ಐದನೇ ಮೆಟ್ಟಿಲಿಗೆ ಹೋಗಲು ಕೈ ಹೆದರುತ್ತದೆ. ವಾಟರ್ ಕಲರ್ ಒಣಗಿದಾಗ ತಿಳಿಯಾಗುತ್ತದೆ ಅನ್ನುವುದೂ ಇದಕ್ಕೆ ಸೇರಿಕೊಳ್ಳುತ್ತದೆ. ಒದ್ದೆಯಿದ್ದಾಗ ನಾಲ್ಕನೇ ಮೆಟ್ಟಿಲಿನ ಹಾಗೆ ಕಂಡದ್ದು ಮರುದಿನ ಮೂರಕ್ಕೆ ಇಳಿದಿರುತ್ತದೆ. ಅದಕ್ಕೆ ಮಾಡಿನ ಕೆಳಗಿನ ನೆರಳು, ಬಾಗಿಲ ಒಳಗಿನ ಕತ್ತಲೆ ಇಂಥವನ್ನು ಟ್ಯೂಬಿನ ಬಣ್ಣಕ್ಕೆ ಕಡಿಮೆ ನೀರು ಹಾಕಿ, ಒಂದೇ ಏಟಿಗೆ ಗಟ್ಟಿಯಾಗಿ ಹಾಕಿ. ಮೂರು ಸಲ ತೆಳುವಾಗಿ ಮೇಲೆ ಮೇಲೆ ತೊಡೆಯುವುದಕ್ಕಿಂತ ಇದು ಸ್ವಚ್ಛ.

ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ. ಬಿಳಿ ಬಟ್ಟೆ. ಕಾರವಾರದ ಕಡಲತೀರದಲ್ಲಿ ಗಾಳಿಮರದ ನೆರಳಲ್ಲಿ ಬಿಳಿ ಪಂಚೆ ಉಟ್ಟವರೊಬ್ಬರು ಕೂತಿದ್ದಾರೆ ಅಂತಿಟ್ಟುಕೊಳ್ಳಿ. ಪಂಚೆ ಬಿಳಿ ಅಂತ ನಮಗೆ ಗೊತ್ತು, ಅದಕ್ಕೆ ಪೇಪರ್ ಖಾಲಿ ಬಿಡುತ್ತೇವೆ. ಆದರೆ ಆಚೆ ಬಿಸಿಲಿಗೆ ಒಣಗಿದ ಮರಳು ನೆರಳಿನ ಬಿಳಿಗಿಂತ ತಿಳಿಯಾಗಿರುತ್ತದೆ. ಪಂಚೆಗೆ ತೆಳು ನೀಲಿ–ಬೂದಿ ಒಂದು ವಾಶ್ ಕೊಟ್ಟು ಮರಳನ್ನು ಅದಕ್ಕಿಂತ ತಿಳಿ ಇಡಿ. ಆ ಮನುಷ್ಯ ಆ ಕ್ಷಣವೇ ನೆರಳೊಳಗೆ ಹೋಗಿ ಕೂತುಬಿಡುತ್ತಾರೆ.

ಅಂಟಿಸಿದ ಹಾಗೆ ಕಾಣುವ ಜನ

ಕಪ್ಪು–ಬಿಳುಪಿನಲ್ಲಿ ಜನ ಸರಿಯಾಗಿ ಕಾಣುತ್ತಿದ್ದಾರೆ, ಆದರೂ ಕತ್ತರಿಸಿ ಅಂಟಿಸಿದ ಹಾಗಿದ್ದಾರೆ ಅಂದರೆ ಅಂಚು ನೋಡಬೇಕು.

ಆಕೃತಿಯ ಸುತ್ತ ಬೆರಳಾಡಿಸಿ, ತಲೆಯಿಂದ ಕಾಲಿನವರೆಗೆ. ಎಲ್ಲೂ ನಿಲ್ಲದೆ ಗೆರೆ ಒಂದೇ ಸಮ ಚೂಪಾಗಿದೆಯೇ? ಅದೇ ದೋಷ. ನಾವು ಮೊದಲು ಪೆನ್ಸಿಲ್‌ನಲ್ಲಿ ಆಳನ್ನು ಬರೆದು, ಹಿನ್ನೆಲೆ ಮುಗಿಸಿ, ಕೊನೆಗೆ ಆ ಪೆನ್ಸಿಲ್ ಗೆರೆಯ ಒಳಗೆ ಬಣ್ಣ ತುಂಬುತ್ತೇವೆ. ಶಾಲೆಯಲ್ಲಿ ಗೆರೆ ದಾಟಬಾರದು ಅಂತ ಕಲಿತದ್ದು ಕೈಯಲ್ಲಿ ಉಳಿದಿರುತ್ತದೆ. ನಿಜವಾಗಿ ಕಣ್ಣಿಗೆ ಕಾಣುವುದು ಹಾಗಲ್ಲ. ಬೆಳಕು ಬಿದ್ದ ಭುಜ ಬೆಳಕಿನ ಗೋಡೆಯಲ್ಲಿ ಕರಗುತ್ತದೆ. ನೆರಳಿನ ಬದಿಯ ಸೊಂಟ ನೆಲದ ನೆರಳಿನ ಜೊತೆ ಸೇರಿಬಿಡುತ್ತದೆ. ತಲೆಯ ಒಂದು ಬದಿ ಮಾತ್ರ ಆಕಾಶಕ್ಕೆ ಎದುರಾಗಿ ಚೂಪಾಗಿರುತ್ತದೆ.

ಇದು ನನಗೆ ನಿಜವಾಗಿ ಅರ್ಥವಾದದ್ದು ಮಾಜಾಳಿಯ ತೀರದಲ್ಲಿ, ರಂಪಣಿ ಬಲೆ ಎಳೆಯುವಾಗ. ಹಗ್ಗ ಹಿಡಿದು ಮೂವತ್ತು–ನಲವತ್ತು ಜನ ಸಾಲಾಗಿ ಹಿಂದಕ್ಕೆ ವಾಲಿ ನಿಂತಿರುತ್ತಾರೆ. ಒಬ್ಬೊಬ್ಬರನ್ನೇ ಬರೆಯಲು ಹೋದೆ. ಐದನೆಯವರ ಹೊತ್ತಿಗೆ ಬಲೆ ದಡಕ್ಕೆ ಬಂದಿತ್ತು. ಮರುದಿನ ಬೇರೆ ರೀತಿ ಮಾಡಿದೆ. ದೊಡ್ಡ ಬ್ರಶ್ಶಿನಲ್ಲಿ ಅಲ್ಟ್ರಾಮರೀನ್, ಸಿಯೆನ್ನಾ ಕಲಸಿ, ಇಡೀ ಸಾಲನ್ನು ಒಂದು ಉದ್ದ ಓರೆ ಪಟ್ಟಿಯಾಗಿ ಎಳೆದೆ. ಮೇಲಂಚಿನಲ್ಲಿ ಮಾತ್ರ ತಲೆಗಳು ಉಬ್ಬಿ ತಗ್ಗಿ ಬರುವ ಹಾಗೆ. ಕೆಳಗೆ ಕಾಲುಗಳನ್ನು ಬರೆಯಲೇ ಇಲ್ಲ. ಪಟ್ಟಿ ಒದ್ದೆಯಿದ್ದಾಗಲೇ ಕೆಳಗಿನ ತೇವದ ಮರಳಿಗೆ ಅದನ್ನು ನಾಲ್ಕೈದು ಕಡೆ ಇಳಿಬಿಟ್ಟೆ. ಒಣಗುವ ಮೊದಲು ಒಬ್ಬರ ಬೆನ್ನಿಗೆ ಲೈಟ್ ರೆಡ್, ಇನ್ನೊಬ್ಬರ ಬನಿಯನಿಗೆ ಒದ್ದೆ ಬ್ರಶ್ಶಿನಿಂದ ಬಣ್ಣ ಎತ್ತಿ ತೆಗೆದೆ. ಅಷ್ಟೇ. ಅವರು ಮರಳಿನ ಮೇಲೆ ನಿಂತರು. ಹಗ್ಗದ ಭಾರವೂ ಬಂತು. ಇವತ್ತಿಗೂ ನನ್ನ ಕೈಯಿಂದ ಬಂದ ಚಿತ್ರಗಳಲ್ಲಿ ಅದೇ ನನಗೆ ಹೆಚ್ಚು ಇಷ್ಟ.

ಮುಗಿದ ಚಿತ್ರದಲ್ಲಿ ಅಂಚು ಕರಗಿಸುವುದು ಕಷ್ಟ, ಆಗದ ಕೆಲಸವಲ್ಲ. ಚಪ್ಪಟೆ ಬ್ರಶ್ಶನ್ನು ಶುದ್ಧ ನೀರಲ್ಲಿ ಅದ್ದಿ, ಹಿಂಡಿ, ಅಂಚಿನ ಮೇಲೆ ಎರಡು ಸಲ ಮೆಲ್ಲಗೆ ಉಜ್ಜಿ, ಹಳೆ ಹತ್ತಿ ಬಟ್ಟೆಯಿಂದ ಒತ್ತಿ. ಬಣ್ಣ ಮೇಲೆ ಬರುತ್ತದೆ. ಎಲ್ಲಿ ಕರಗಿಸಬೇಕು ಅಂತ ಖಾತ್ರಿ ಇಲ್ಲದಿದ್ದರೆ ಚಿತ್ರದ ಮೇಲೆ ಪ್ರಯೋಗ ಬೇಡ. ಹೊಸ ಸೀರೆ ಬರುವ ಪಾರದರ್ಶಕ ಪ್ಲಾಸ್ಟಿಕ್ ಕವರ್ ಇದೆಯಲ್ಲ, ಅದನ್ನು ಕತ್ತರಿಸಿ ಚಿತ್ರದ ಮೇಲೆ ಹಾಸಿ. ಬಣ್ಣಕ್ಕೆ ಒಂದು ಚೂರು ಸೋಪು ಸೇರಿಸಿದರೆ ಅದು ಪ್ಲಾಸ್ಟಿಕ್ ಮೇಲೆ ಹನಿಯಾಗಿ ಓಡದೆ ನಿಲ್ಲುತ್ತದೆ. ಬೇಕಾದ ತಿದ್ದುಪಡಿಯನ್ನು ಕವರಿನ ಮೇಲೆ ಮಾಡಿ ನೋಡಿ. ಸರಿ ಬರಲಿಲ್ಲವೇ, ಒರೆಸಿ. ಚಿತ್ರಕ್ಕೆ ಏನೂ ಆಗಿರುವುದಿಲ್ಲ.

ನೆಲದ ನೆರಳನ್ನೂ ಇದೇ ಕವರಿನ ಮೇಲೆ ಪರೀಕ್ಷಿಸಬಹುದು. ಆಳಿನ ಪಾದ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ನೆರಳು ಶುರುವಾಗಬೇಕು, ನಡುವೆ ಕೂದಲೆಳೆಯಷ್ಟು ಬಿಳಿ ಉಳಿದರೂ ಆಳು ಗಾಳಿಯಲ್ಲಿ ತೇಲುತ್ತದೆ. ಪಾದ ಮತ್ತು ನೆರಳನ್ನು ಒಂದೇ ಒದ್ದೆ ಏಟಿನಲ್ಲಿ ಸೇರಿಸಿ ಹಾಕುವುದೇ ಸುಲಭ. ಇನ್ನು ಬೇಸಿಗೆಯ ನಡುಮಧ್ಯಾಹ್ನದ ಫೋಟೋ ನೋಡಿ ಬರೆಯುವವರಿಗೆ ಒಂದು ಮಾತು. ಏಪ್ರಿಲ್ ಕೊನೆಯ ಹೊತ್ತಿಗೆ ಕಾರವಾರದಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ನೆರಳು ಕಾಲಡಿಯಲ್ಲೇ ಮುದುಡಿ ಕೂರುತ್ತದೆ. ಆಗಿನ ಫೋಟೋದಿಂದ ಎಷ್ಟು ಚೆನ್ನಾಗಿ ಬರೆದರೂ ಜನ ಠಸ್ಸೆ ಒತ್ತಿದ ಹಾಗೆ ಕಾಣುತ್ತಾರೆ. ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ. ಉದ್ದ ನೆರಳು ಅರ್ಧ ಕೆಲಸ ಮಾಡಿಕೊಡುತ್ತದೆ.

ಒಬ್ಬ ದೈತ್ಯ, ಒಬ್ಬ ಕುಳ್ಳ

ಹಿಂದಿರುವವರು ಮಕ್ಕಳ ಹಾಗೆ, ಮುಂದಿರುವವರು ತೆಂಗಿನಮರದ ಎತ್ತರಕ್ಕೆ ಕಂಡರೆ ತಲೆಗಳು ಎಲ್ಲಿವೆ ನೋಡಿ. ಕಡಲತೀರ ಇದನ್ನು ಕಲಿಯಲು ಒಳ್ಳೆಯ ಜಾಗ, ಯಾಕೆಂದರೆ ಅಲ್ಲಿ ಕಣ್ಣಿನ ಮಟ್ಟ ಎದುರೇ ಗೆರೆ ಎಳೆದಂತೆ ಇರುತ್ತದೆ: ಸಮುದ್ರ ಆಕಾಶ ಸೇರುವ ಗೆರೆ. ನೀವು ನಿಂತು ನೋಡುತ್ತಿದ್ದರೆ, ಸಮತಟ್ಟಾದ ಮರಳಿನಲ್ಲಿ ನಿಮ್ಮಷ್ಟೇ ಎತ್ತರದ ಎಲ್ಲರ ಕಣ್ಣೂ ಆ ಗೆರೆಯ ಮೇಲೇ ಬರುತ್ತದೆ. ಹತ್ತಿರದವರದ್ದೂ ಅಲ್ಲೇ, ದೂರದವರದ್ದೂ ಅಲ್ಲೇ. ಬದಲಾಗುವುದು ಕಾಲು ಮಾತ್ರ. ಹತ್ತಿರದವರ ಕಾಲು ಚಿತ್ರದ ಕೆಳಗೆ, ದೂರದವರ ಕಾಲು ಮೇಲೆ.

ನೀವು ಮಣೆ ಹಾಕಿ ಕೂತು ಬರೆಯುತ್ತಿದ್ದರೆ ಲೆಕ್ಕ ಬೇರೆ. ಆಗ ಗೆರೆ ನಿಂತವರ ಸೊಂಟದ ಹತ್ತಿರ ಹಾಯುತ್ತದೆ. ಒಬ್ಬರ ಸೊಂಟಕ್ಕೆ ಬಂದರೆ ಎಲ್ಲರ ಸೊಂಟಕ್ಕೂ ಬರಬೇಕು. ದೋಷ ಹುಟ್ಟುವುದು ಇಲ್ಲಿ: ಗುಡಿಸಲು, ದೋಣಿ ಕೂತು ಬರೆದಿರುತ್ತೇವೆ, ಜನರನ್ನು ನಿಂತು ತೆಗೆದ ಫೋಟೋದಿಂದ ಸೇರಿಸುತ್ತೇವೆ. ಎರಡು ಕಣ್ಣಿನ ಮಟ್ಟ ಒಂದೇ ಚಿತ್ರದಲ್ಲಿ ಜಗಳವಾಡುತ್ತವೆ. ಒಂದು ಸ್ಕೇಲ್ ಅಡ್ಡ ಇಟ್ಟು ನೋಡಿದರೆ ಆಯಿತು. ಗುಡ್ಡದ ಇಳಿಜಾರಿನ ಅಡಿಕೆ ತೋಟ, ಶಿರಸಿ ಸಿದ್ದಾಪುರದ ಮನೆಗಳ ಎದುರಿನ ಮೆಟ್ಟಿಲು ಇಂಥ ಕಡೆ ಈ ಲೆಕ್ಕ ನಡೆಯುವುದಿಲ್ಲ, ನೆಲವೇ ಏರಿಳಿತ ಇರುವುದರಿಂದ. ಅಲ್ಲಿ ಬಾಗಿಲಿನ ಎತ್ತರದ ಜೊತೆ ಹೋಲಿಸಿ.

ತಲೆಯ ಗಾತ್ರವನ್ನೂ ಒಮ್ಮೆ ನೋಡಿಬಿಡಿ. ದೊಡ್ಡವರ ಎತ್ತರ ಅವರ ತಲೆಯ ಏಳರಷ್ಟು, ಸ್ವಲ್ಪ ಹೆಚ್ಚು. ಚಿಕ್ಕ ಆಕೃತಿ ಬರೆಯುವಾಗ ತಲೆ ದೊಡ್ಡದು ಮಾಡುವುದು ಎಲ್ಲರ ಅಭ್ಯಾಸ. ಅದರಿಂದಲೇ ಊರಿನ ಹಿರಿಯರೆಲ್ಲ ಹುಡುಗರ ಹಾಗೆ ಕಾಣುತ್ತಾರೆ. ಅನುಮಾನ ಬಂದರೆ ತಲೆಯನ್ನು ಚಿಕ್ಕದೇ ಮಾಡಿ.

ಕೆಸರು

ಈಗ ಬಣ್ಣಕ್ಕೆ ಬರೋಣ. ಕಡಿಮೆ ಬಣ್ಣ ಬಳಸಿದರೆ ಕೆಸರಾಗುವುದಿಲ್ಲ ಅಂತ ಓದಿಕೊಂಡು ಶುರು ಮಾಡಿರುತ್ತೇವೆ. ಆದರೂ ಕೆಸರಾಗುತ್ತದೆ. ನಾಲ್ಕು ಜಾಗ ಪರೀಕ್ಷಿಸಿ.

ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬಣ್ಣದ ಪುಡಿಯ ಸಂಕೇತ ಇರುತ್ತದೆ. ಅಲ್ಟ್ರಾಮರೀನ್ ಅಂದರೆ ಪಿಬಿ 29. ಓಕರ್ ಆದರೆ ಪಿವೈ 42 ಅಥವಾ 43. ಒಂದೇ ಸಂಕೇತ ಇದ್ದರೆ ಒಳ್ಳೆಯದು. ಮೂರು ಸಂಕೇತ ಇದ್ದರೆ ನೀವು ಒಂದು ಟ್ಯೂಬು ಅಂದುಕೊಂಡದ್ದು ಆಗಲೇ ಮೂರು ಬಣ್ಣದ ಮಿಶ್ರಣ. ಅಂಥ ಎರಡು ಟ್ಯೂಬು ಸೇರಿಸಿದರೆ ಆರು ಬಣ್ಣ ಕಲಸಿದಂತೆ. ಕೆಸರಾಗದೆ ಏನಾಗುತ್ತದೆ?

ಎರಡನೆಯದು ನೀರು. ಒಂದೇ ಲೋಟದಲ್ಲಿ ತೊಳೆಯುವುದು, ಅದರಲ್ಲೇ ಕಲಸುವುದು ಬೇಡ. ಎರಡು ಲೋಟ ಇಡಿ. ಮೂರನೆಯದು, ಮೂರು ಬಣ್ಣ ಒಂದೇ ಕಡೆ ಸೇರುವುದು. ನೀಲಿ, ಹಳದಿ, ಕೆಂಪು ಮೂರೂ ಸಮ ಸೇರಿದರೆ ಕಂದು–ಬೂದಿಯೇ ಆಗುವುದು. ನಾನು ಯಾವಾಗಲೂ ಎರಡನ್ನು ಕಲಸಿ, ಮೂರನೆಯದನ್ನು ಬೇಕಾದರೆ ಪೇಪರಿನ ಮೇಲೆ, ಒದ್ದೆಯಲ್ಲಿ ಬ್ರಶ್ ತುದಿಯಿಂದ ಮುಟ್ಟಿಸುತ್ತೇನೆ.

ನಾಲ್ಕನೆಯದೇ ನಿಜವಾದ ಕಳ್ಳ. ವಾಶ್ ಅರ್ಧ ಒಣಗಿದಾಗ ಮತ್ತೆ ಕೈ ಹಾಕುವುದು. ಪೇಪರಿನ ಹೊಳಪು ಹೋಗಿರುತ್ತದೆ, ಆದರೆ ತಣ್ಣಗೆ ಇರುತ್ತದೆ. ಆಗ ಮುಟ್ಟಿದರೆ ಕೆಳಗಿನ ಬಣ್ಣ ಎದ್ದು ಮೇಲಿನದರ ಜೊತೆ ಕಲೆಸಿ ಹೂಕೋಸಿನ ಹಾಗೆ ಕಲೆಯಾಗುತ್ತದೆ. ನಮ್ಮ ಕರಾವಳಿಯಲ್ಲಿ ಗಾಳಿಯಲ್ಲೇ ತೇವ ಇರುವುದರಿಂದ ಈ ಅರ್ಧ ಒಣಗಿದ ಹೊತ್ತು ತುಂಬಾ ಉದ್ದ. ಘಟ್ಟದ ಮೇಲಿನ ಒಣ ಊರಿನವರು ಹತ್ತು ನಿಮಿಷ ಕಾಯಿರಿ ಅಂದರೆ ನಾವು ಅರ್ಧ ಗಂಟೆ ಕಾಯಬೇಕು. ಪೇಪರಿಗೆ ಕೈಯ ಹಿಂಭಾಗ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಬ್ರಶ್ ಕೆಳಗಿಟ್ಟು ಚಾ ಕುಡಿದು ಬನ್ನಿ.

ಹಸಿರು ಸಾಲದು, ಕೆಂಪು ಕೆಂಪಲ್ಲ

ನಾಲ್ಕೇ ಬಣ್ಣದವರ ದೊಡ್ಡ ದೂರು ಇದು. ಅಲ್ಟ್ರಾಮರೀನ್ ಜೊತೆ ಓಕರ್ ಸೇರಿಸಿದರೆ ಬರುವುದು ಮಂಕು ಹಸಿರು. ತೆಂಗು, ಬಾಳೆ, ಹಸಿ ಗದ್ದೆ ನೋಡುತ್ತ ಬೆಳೆದ ಕಣ್ಣಿಗೆ ಅದು ಸಾಲದು ಅನ್ನಿಸುತ್ತದೆ. ಅಂಗಡಿಯಿಂದ ಒಂದು ಹಸಿರು ಟ್ಯೂಬು ತರುವ ಆಸೆಯಾಗುತ್ತದೆ. ತರಬೇಡಿ. ಅದನ್ನು ಹಾಕಿದ ತಕ್ಷಣ ಮರಗಳು ಎದುರಿಗೆ ನುಗ್ಗಿ ಬರುತ್ತವೆ, ಜನ ಮರೆಯಾಗುತ್ತಾರೆ.

ಫ್ರಾನ್ಸಿನ ಶೆವ್ರೂಲ್ ಎಂಬ ರಸಾಯನ ವಿಜ್ಞಾನಿಗೆ ಇಂಥದ್ದೇ ಒಂದು ದೂರು ಬಂದಿತ್ತು. ಪ್ಯಾರಿಸಿನ ಗೊಬೆಲಾನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ಅವನ ಕೈಯಲ್ಲಿತ್ತು. ನೀಲಿ, ನೇರಳೆ ಬಟ್ಟೆಯಲ್ಲಿ ಕಪ್ಪು ನೂಲು ಮಂಕಾಗಿ ಕಾಣುತ್ತದೆ, ನಿಮ್ಮ ಕಪ್ಪು ಸರಿಯಿಲ್ಲ ಅಂತ. ಅವನು ಪರೀಕ್ಷಿಸಿದ. ಕಪ್ಪು ಬಣ್ಣದಲ್ಲಿ ದೋಷವೇ ಇರಲಿಲ್ಲ. ಪಕ್ಕದ ಬಣ್ಣವೇ ಅದನ್ನು ಮಂಕಾಗಿಸುತ್ತಿತ್ತು. 1839ರಲ್ಲಿ ಅವನು ಇದನ್ನೆಲ್ಲ ವಿವರವಾಗಿ ಪ್ರಕಟಿಸಿದ. ನಮ್ಮ ಹಸಿರಿಗೂ ಕೆಂಪಿಗೂ ಬೇಕಾದ ಔಷಧ ಇದರಲ್ಲೇ ಇದೆ. ಬಣ್ಣ ಸಾಲದು ಅನ್ನಿಸಿದರೆ ಅದರ ಪಕ್ಕದ್ದನ್ನು ನೋಡಿ.

ಅಂಕೋಲೆ ಚಿತ್ರದಲ್ಲಿ ಅಜ್ಜಿಯ ಸೀರೆ ಕೆಂಪಾಗಿ ಕಾಣದಿದ್ದುದಕ್ಕೆ ಕಾರಣ ಚಿರೆಕಲ್ಲಿನ ಗೋಡೆ. ಎರಡಕ್ಕೂ ಲೈಟ್ ರೆಡ್ ಹಾಕಿದ್ದೆ. ಹಾಗೆ ನೋಡಿದರೆ ಅದು ಸಹಜವೇ. ಚಿರೆಕಲ್ಲು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ, ಲೈಟ್ ರೆಡ್ ಟ್ಯೂಬಿನಲ್ಲಿರುವುದೂ ಕಬ್ಬಿಣದ ಆಕ್ಸೈಡೇ. ನೆಲದ ಬಣ್ಣವನ್ನೇ ಟ್ಯೂಬಿನಲ್ಲಿ ತುಂಬಿಟ್ಟ ಹಾಗೆ. ಅದನ್ನು ನೋಡಿ ಎಲ್ಲ ಕಡೆ ಬಳಿದುಬಿಟ್ಟೆ. ಎರಡನೇ ಸಲ ಬರೆಯುವಾಗ ಗೋಡೆಗೆ ಸಿಯೆನ್ನಾ ಮತ್ತು ನೀಲಿ ಸೇರಿಸಿ ಬೂದಿ–ಕಂದು ಮಾಡಿದೆ. ಲೈಟ್ ರೆಡ್ಡನ್ನು ಸೀರೆಗೆ ಒಂದು ಕಡೆ, ಹರಿವೆ ದಂಟಿಗೆ ಒಂದು ಚೂರು, ಅಷ್ಟಕ್ಕೆ ಮುಗಿಸಿದೆ. ಅದೇ ಟ್ಯೂಬು, ಅದೇ ಬಣ್ಣ. ಸೀರೆ ಕೆಂಡದ ಹಾಗೆ ಎದ್ದಿತು. ಅದರ ಪಕ್ಕದಲ್ಲಿ ಮಂಕು ಹಸಿರು ಕೂಡ ಹಸಿರೇ ಆಯಿತು.

ಎಣ್ಣೆ ಬಣ್ಣದವರಿಗೂ ಇದು ಹೊಂದುತ್ತದೆ. ಸ್ವೀಡನ್ನಿನ ಆಂಡರ್ಸ್ ಜೋರ್ನ್ (1860–1920) ಹೆಸರಿನಲ್ಲಿ ಪ್ರಸಿದ್ಧವಾದ ನಾಲ್ಕು ಬಣ್ಣದ ಪ್ಯಾಲೆಟ್ ಇದೆ: ಬಿಳಿ, ಯೆಲ್ಲೋ ಓಕರ್, ವರ್ಮಿಲಿಯನ್ ಕೆಂಪು, ಐವರಿ ಬ್ಲ್ಯಾಕ್. ನೀಲಿಯೇ ಇಲ್ಲ. ಕಪ್ಪು–ಬಿಳಿ ಸೇರಿದ ಬೂದಿ, ಓಕರ್ ಮತ್ತು ಕೆಂಪಿನ ಪಕ್ಕ ನಿಂತಾಗ ಕಣ್ಣಿಗೆ ನೀಲಿಯಾಗಿ ತೋರುತ್ತದೆ. ಕಪ್ಪಿಗೆ ಓಕರ್ ಸೇರಿಸಿದರೆ ಹಸಿರು. ಜೂನ್ ತಿಂಗಳ ಕಾರವಾರದ ಬೈತಖೋಲಿನ ಸಮುದ್ರ ಬರೆಯಲು ನಿಜವಾಗಿ ಇದಕ್ಕಿಂತ ಜಾಸ್ತಿ ಬಣ್ಣ ಬೇಕಾಗುವುದಿಲ್ಲ. ನಮ್ಮಲ್ಲೂ ಇದು ಹೊಸದಲ್ಲ ಅಲ್ವಾ? ಸಿದ್ದಾಪುರ, ಸಾಗರದ ಕಡೆ ದೀವರ ಹೆಂಗಸರು ಗೋಡೆಗೆ ಬರೆಯುವ ಚಿತ್ತಾರದಲ್ಲಿ ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಹುರಿದು ಕರಕಲು ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಅಷ್ಟರಲ್ಲೇ ಮದುವೆಯ ದಿಬ್ಬಣವೇ ಬಂದುಬಿಡುತ್ತದೆ.

ಮೈಬಣ್ಣ ಬೂದಿಯಾದರೆ

ಬಿಸಿಲಲ್ಲಿ ದುಡಿಯುವ ನಮ್ಮ ಜನರ ಮೈ ಗಾಢ ಕಂದು. ಅದಕ್ಕೆ ಬೆಳಕು ತರಲು ಬಿಳಿ ಬೆರೆಸಿದರೆ ಬೂದಿ ಬಳಿದ ಹಾಗೆ ಆಗುತ್ತದೆ. ಪೋಸ್ಟರ್ ಕಲರ್, ಎಣ್ಣೆ ಬಣ್ಣದಲ್ಲಿ ಈ ದೋಷ ಹೆಚ್ಚು. ಬಿಳಿಯ ಜೊತೆಗೆ ಓಕರನ್ನೂ ಸೇರಿಸಿ, ಆಗ ಬಣ್ಣದ ಬೆಚ್ಚಗಿನ ಛಾಯೆ ಉಳಿಯುತ್ತದೆ. ವಾಟರ್ ಕಲರ್‌ನಲ್ಲಿ ಸಿಯೆನ್ನಾಕ್ಕೆ ನೀರು ಜಾಸ್ತಿ ಮಾಡಿದರೆ ಸಾಕು.

ಆದರೆ ಹತ್ತಿರದಿಂದ ನೋಡಿ ಕಲಿಯಬೇಕಾದದ್ದು ಇನ್ನೊಂದಿದೆ. ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಬುಟ್ಟಿ ಹೊತ್ತು ನಡೆಯುವವರ ಭುಜ ನೋಡಿ. ಬೆವರಿನಿಂದ ಹೊಳೆಯುವ ಮೇಲ್ಭಾಗದಲ್ಲಿ ಆಕಾಶದ ನೀಲಿ ಕೂತಿರುತ್ತದೆ. ಗದ್ದದ ಕೆಳಗೆ, ತೋಳಿನ ಅಡಿಗೆ ನೆಲದಿಂದ ಪುಟಿದ ಬೆಳಕು ಬಿದ್ದಿರುತ್ತದೆ. ಕೆಂಪು ಮಣ್ಣಿನ ದಾರಿಯಲ್ಲಾದರೆ ಆ ಬೆಳಕು ಕೆಂಪು, ಉಪ್ಪಿನ ರಾಶಿಯ ಹತ್ತಿರವಾದರೆ ತಣ್ಣನೆಯ ಬಿಳಿ. ಮೈ ಇಟ್ಟಿಗೆಯ ಹಾಗೆ ಒಂದೇ ಬಣ್ಣವಾಗಿದೆ ಅನ್ನಿಸಿದರೆ ಭುಜದ ಮೇಲೆ ತೆಳು ಅಲ್ಟ್ರಾಮರೀನ್, ತೋಳಿನ ಅಡಿಗೆ ಚೂರು ಲೈಟ್ ರೆಡ್ ಹಾಕಿ ನೋಡಿ. ಕಣ್ಣು, ಮೂಗು ಬರೆಯುವ ಅಗತ್ಯವೇ ಬೀಳುವುದಿಲ್ಲ. ಹಾಲಕ್ಕಿ ಹೆಂಗಸರ ಮಣಿಸರಕ್ಕೂ ಇದೇ ಮಾತು. ಮಣಿ ಎಣಿಸಿ ಬರೆಯಬೇಡಿ. ಕೊರಳಿನ ಸುತ್ತ ಒಂದು ಗಾಢ ಗುಪ್ಪೆ, ಬೆಳಕಿನ ಕಡೆ ಮೂರ್ನಾಲ್ಕು ಚುಕ್ಕೆ ಪೇಪರ್ ಖಾಲಿ.

ಮಳೆಗಾಲದಲ್ಲಿ ಮಾತ್ರ ಬರುವ ದೋಷ

ಕೆಲವೊಮ್ಮೆ ನಿಮ್ಮ ಕೈಯ ತಪ್ಪೇ ಇರುವುದಿಲ್ಲ. ವಾಶ್ ಎಳೆದ ಕೂಡಲೇ ಅಲ್ಲಲ್ಲಿ ಗಾಢ ಚುಕ್ಕೆ ಬಿದ್ದು, ಬಣ್ಣ ಒತ್ತುಕಾಗದದಂತೆ ಒಳಗೆ ಇಳಿದರೆ ಪೇಪರ್ ಹಾಳಾಗಿದೆ ಅಂತ ಅರ್ಥ. ನೀರು ತಕ್ಷಣ ಹೀರದಿರಲಿ ಅಂತ ಪೇಪರಿಗೆ ಅಂಟಿನ ಲೇಪ ಕೊಟ್ಟಿರುತ್ತಾರೆ. ಮಳೆಗಾಲದ ತೇವದಲ್ಲಿ ಇಟ್ಟ ಪೇಪರಿನ ಲೇಪ ಹೋಗುತ್ತದೆ, ಬೂಸ್ಟೂ ಹಿಡಿಯುತ್ತದೆ. ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಸ್ವಲ್ಪ ಹೊತ್ತು ಉಬ್ಬಿ ನಿಂತರೆ ಸರಿ, ಕೂಡಲೇ ಇಂಗಿದರೆ ಆ ಪೇಪರಿನಲ್ಲಿ ಪೆನ್ಸಿಲ್ ಕೆಲಸ ಮಾಡಿ. ಮೇ ತಿಂಗಳಲ್ಲೇ ಪೇಪರನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಕಟ್ಟಿ, ಗೋಡೆಗೆ ತಾಗದ ಕಪಾಟಿನಲ್ಲಿ ಇಡುವುದು ಒಳ್ಳೆಯದು.

ಅಂಕೋಲೆ ಚಿತ್ರವನ್ನು ಎರಡನೇ ಸಲ ಬರೆದು ಮತ್ತೆ ಅಜ್ಜಿಯ ಹತ್ತಿರ ಹೋದೆ. ಈ ಸಲ ರಸ್ತೆಯನ್ನು ಖಾಲಿ ಪೇಪರಾಗಿ ಬಿಟ್ಟಿದ್ದೆ, ನಾಲ್ವರನ್ನೂ ನೆರಳಿನ ಒಂದೇ ಗುಪ್ಪೆಯಲ್ಲಿ ಸೇರಿಸಿದ್ದೆ. ಅವರು ನೋಡಿ, ಒಬ್ಬೊಬ್ಬರ ಹೆಸರು ಹೇಳುತ್ತ ಬೆರಳಿಟ್ಟು ತೋರಿಸಿದರು. ಮುಖ ಬರೆಯದಿದ್ದರೂ ಗುರುತು ಸಿಕ್ಕಿತು. ಆಮೇಲೆ ಬಲತುದಿಯ ಹೆಂಗಸಿನ ಮೇಲೆ ಬೆರಳು ನಿಂತಿತು.

"ಇವಳಿಗೆ ಬಿಸಿಲು ಆ ಬದಿಯಿಂದ ಬಿದ್ದಿದೆಯಲ್ಲ ತಮ್ಮಾ. ಬೆಳಿಗ್ಗೆ ಹಾಂಗೆ ಬೀಳೂದಿಲ್ಲ."

ಹೌದು. ಆಕೆಯನ್ನು ಮಾತ್ರ ಸಂಜೆ ಮಾಡಿದ ಸ್ಕೆಚ್ಚಿನಿಂದ ಸೇರಿಸಿದ್ದೆ. ಈಗ ಯಾವ ಚಿತ್ರ ಶುರು ಮಾಡುವಾಗಲೂ ಪೇಪರಿನ ಮೂಲೆಯಲ್ಲಿ ಪೆನ್ಸಿಲ್‌ನಿಂದ ಒಂದು ಸಣ್ಣ ಬಾಣ ಹಾಕುತ್ತೇನೆ, ಬಿಸಿಲು ಬರುವ ಕಡೆಯಿಂದ. ಪಕ್ಕದಲ್ಲಿ ಗಂಟೆ ಬರೆಯುತ್ತೇನೆ.